ಅಲಂಕಾರಶಾಸ್ತ್ರದಲ್ಲಿ ರುಚಿಭೇದವಿಚಾರ

೧

ಒಂದೇ ಕಾವ್ಯವನ್ನು ಕೇಳಿ ಒಬ್ಬನು ತಲೆದೂಗುವನು, ಮತ್ತೊಬ್ಬನು ಆಕಳಿಸುವನು. ಇಬ್ಬರೂ ವಿದ್ಯಾವಂತರೇ, ಒಂದೇ ಗುರುಗಳಲ್ಲಿ ಪಾಠ ಹೇಳಿಸಿಕೊಂಡವರೂ ಆಗಿರಬಹುದು. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಕೇಳಿದರೆ ನಮ್ಮ ವಿದ್ವದ್ಗೋಷ್ಠಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರವು 'ಲೋಕದ ರುಚಿಯು ಭಿನ್ನಭಿನ್ನವಲ್ಲವೆ' ಎಂಬುದು. ಕಾಳಿದಾಸನ ಹೆಸರಿನೊಡನೆ ಈ ಮಾತು ಹೊರಟಿತೆಂದರೆ ಚರ್ಚೆಯು ಮುಗಿಯಿತೆಂದೇ ಅರ್ಥ. ಸಾಹಿತ್ಯಪಾಠವನ್ನು ಹೇಳುವವರಿಗಾದರೋ ಇದು ದಿನದಿನದ ಕಷ್ಟ. 'ನನಗೆ ಇದು ರುಚಿಸಲಿಲ್ಲ' ಎಂದು ಶಿಷ್ಯನು ಹೇಳಿದಾಗ ಅದು ಅವನ ಸ್ವಾತಂತ್ರ್ಯವೋ, ಅವನ ಅಶಕ್ತಿಯೋ, ಅಥವಾ ಕಾವ್ಯದ ದೋಷವೋ ಎಂಬುದನ್ನು ನಿರ್ಣಯಿಸದೆ ಉಪಾಧ್ಯಾಯನು ಮುಂದಕ್ಕೆ ಹೆಜ್ಜೆಯಿಡುವಂತಿಲ್ಲ.

ಆದರೆ ಕಾಳಿದಾಸನು ಆ ಮಾತನ್ನು ಯಾವ ಸಂದರ್ಭದಲ್ಲಿ ಆಡಿದನೆಂಬುದನ್ನು ಗಮನಿಸುವವರು ವಿರಳ. ರಘುವಂಶದ ಆರನೆಯ ಸರ್ಗದಲ್ಲಿ ಇಂದುಮತಿಯ ಸ್ವಯಂವರವು ನಡೆಯುತ್ತಿದೆ. ಪ್ರತೀಹಾರಿಯಾದ ಸುನಂದೆಯು ಅಂಗದೇಶದ ಅರಸನನ್ನು ಬಣ್ಣಿಸಿ ಮುಗಿಸುತ್ತಾಳೆ. ರಾಜಕುಮಾರಿಯು ಅವನಿಂದ ಕಣ್ಣು ತೆಗೆದು ಮುಂದಕ್ಕೆ ನಡೆಯೆಂದು ಸೂಚಿಸುತ್ತಾಳೆ. ಇದಕ್ಕೆ ಕವಿಯು ಕೊಡುವ ಕಾರಣವು ಸೂಕ್ಷ್ಮವಾದುದು. ಆ ಅರಸನು ಸ್ಪೃಹಣೀಯನಲ್ಲವೆಂದಲ್ಲ. ಚೆನ್ನಾಗಿ ನೋಡಿ ತಿಳಿಯಲು ಅವಳಿಗೆ ಬಾರದೆಂದೂ ಅಲ್ಲ. ಜನರ ರುಚಿಯು ಬೇರೆಬೇರೆಯಾಗಿರುವುದರಿಂದ ಹಾಗಾಯಿತೆಂದು ಅವನ ಅಭಿಪ್ರಾಯ. ಇಲ್ಲಿ ಮೂರು ಸಂಗತಿಗಳು ಬೇರ್ಪಟ್ಟಿರುವುವು: ವಸ್ತುವಿನ ಗುಣವೊಂದು, ನೋಡುವವರ ಶಕ್ತಿಯೊಂದು, ನೋಡುವವರ ಒಲವೊಂದು. ಮೊದಲನೆಯ ಎರಡರಲ್ಲಿ ಕೊರತೆಯಿಲ್ಲವೆಂದು ನಿರ್ಧರವಾದಮೇಲೆಯೇ ಕವಿಯು ಮೂರನೆಯದನ್ನು ಹೇಳುತ್ತಾನೆ. ಆದುದರಿಂದ ಆ ವಾಕ್ಯವು ವಿಚಾರವನ್ನು ನಿಲ್ಲಿಸುವುದಕ್ಕಾಗಿ ಹುಟ್ಟಿದುದಲ್ಲ; ವಿಚಾರವೆಲ್ಲ ಮುಗಿದಮೇಲೆ ಉಳಿಯುವ ಶೇಷವನ್ನು ಹೆಸರಿಸುವುದಕ್ಕಾಗಿ ಹುಟ್ಟಿದುದು.

ಶಕ್ತಿ, ಒಲವು ಎಂಬ ಈ ಎರಡರ ವಿವೇಕವು ನಮ್ಮ ಅಲಂಕಾರಶಾಸ್ತ್ರದಲ್ಲಿ ಹೇಗೆ ಬೆಳೆದುಬಂದಿತೆಂಬುದನ್ನು ಭರತನಿಂದ ಮೊದಲುಗೊಂಡು ವಿಶ್ವನಾಥನವರೆಗೆ ಪರಿಶೀಲಿಸಿ, ಇತ್ತೀಚಿನ ಮನಶ್ಶಾಸ್ತ್ರಜ್ಞರ ಪರೀಕ್ಷೆಗಳೊಡನೆ ಅದನ್ನು ಹೋಲಿಸಿನೋಡುವುದು ಈ ಲೇಖನದ ಉದ್ದೇಶ.

೨

ರುಚಿಭೇದವನ್ನು ಶಾಸ್ತ್ರೀಯವಾಗಿ ಎತ್ತಿಕೊಂಡ ನಮ್ಮ ಮೊದಲನೆಯ ಗ್ರಂಥವು ನಾಟ್ಯಶಾಸ್ತ್ರ. ಅದರ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ನಾಟ್ಯದ ಸಿದ್ಧಿಯೆಂದರೇನು, ಅದನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಭರತನು ಉತ್ತಮ ಪ್ರೇಕ್ಷಕನಿಗೆ ಇರಬೇಕಾದ ಗುಣಗಳನ್ನು ಉದ್ದವಾಗಿ ಎಣಿಸಿ, ಕೂಡಲೆ ಲೋಕಾನುಭವದ ಒಂದು ಮಾತನ್ನು ಸೇರಿಸುತ್ತಾನೆ: ತಿಳಿಯಬೇಕಾದುದು ಅಪಾರವಾಗಿರುವುದರಿಂದ ಈ ಗುಣಗಳೆಲ್ಲವೂ ಒಬ್ಬನಲ್ಲಿಯೇ ಇರಲಾರವು. ಬಳಿಕ ಯಾರಿಗೆ ಯಾವುದು ಪ್ರಿಯವೆಂಬ ವಿಭಾಗವು ಬರುತ್ತದೆ. ತರುಣರು ಶೃಂಗಾರದಲ್ಲಿಯೂ, ವಿದ್ವಾಂಸರು ಶಾಸ್ತ್ರಸಿದ್ಧಾಂತಗಳಲ್ಲಿಯೂ, ಅರ್ಥಪರರು ಅರ್ಥವಿಷಯದಲ್ಲಿಯೂ, ವಿರಾಗಿಗಳು ಮೋಕ್ಷದಲ್ಲಿಯೂ, ಶೂರರು ಯುದ್ಧ, ರೌದ್ರ, ಬೀಭತ್ಸಗಳಲ್ಲಿಯೂ, ವೃದ್ಧರು ಧರ್ಮಕಥೆ ಪುರಾಣಗಳಲ್ಲಿಯೂ ಸಂತೋಷಪಡುವರೆಂದು ಹೇಳಿ, ಮಕ್ಕಳು, ಮೂಢರು, ಸ್ತ್ರೀಯರು ಇವರಿಗೆ ಹಾಸ್ಯವೂ ವೇಷಭೂಷಣಗಳೂ ಪ್ರಿಯವೆಂದು ಮುಗಿಸುತ್ತಾನೆ.

ಈ ಪಟ್ಟಿಯಲ್ಲಿ ಗುಣವೂ ಇದೆ, ದೋಷವೂ ಇದೆ. ವಯಸ್ಸು, ವೃತ್ತಿ, ಜೀವನದ ಗುರಿ ಇವು ಒಲವನ್ನು ಬದಲಾಯಿಸುವುವೆಂದು ಕಂಡುದು ಗುಣ. ತರುಣನಾಗಿದ್ದವನೇ ಮುಂದೆ ವೃದ್ಧನಾಗುವುದರಿಂದ, ಒಬ್ಬನ ಆಯುಸ್ಸಿನಲ್ಲಿಯೇ ರುಚಿಯು ಮಾರ್ಪಡುವುದೆಂಬುದೂ ಇದರಲ್ಲಿ ಅಡಗಿದೆ. ಸ್ತ್ರೀಯರೆಲ್ಲರನ್ನೂ ಮೂಢರೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿದುದು ದೋಷ. ರಂಗಸ್ಥಳದ ಎದುರು ಕುಳಿತ ಸಮೂಹವನ್ನು ದೂರದಿಂದ ನೋಡುವವನಿಗೆ ಗುಂಪುಗಳು ಕಾಣುವುವೇ ಹೊರತು ವ್ಯಕ್ತಿಗಳು ಕಾಣುವುದಿಲ್ಲ. ಭರತನು ನಾಟ್ಯಪ್ರಯೋಕ್ತೃಗಳಿಗೆ ಉಪದೇಶಮಾಡುತ್ತಿದ್ದುದರಿಂದ ಅವನಿಗೆ ಬೇಕಾಗಿದ್ದುದೂ ಗುಂಪುಗಳ ಲಕ್ಷಣವೇ.

ಆದರೂ ನಿರ್ಣಯದ ಮಾತು ಬಂದಾಗ ಅವನು ಗುಂಪನ್ನು ಕೇಳುವುದಿಲ್ಲ. ಪ್ರಾಶ್ನಿಕರೆಂಬ ಪರೀಕ್ಷಕರನ್ನು ನಿಯಮಿಸುತ್ತಾನೆ: ಯಜ್ಞವಿಷಯಕ್ಕೆ ಯಾಜ್ಞಿಕ, ಅಭಿನಯಕ್ಕೆ ನರ್ತಕ, ವೃತ್ತಗಳಿಗೆ ಛಂದೋಜ್ಞ, ಪಾಠಕ್ಕೆ ವೈಯಾಕರಣ, ಆಯುಧಗಳ ಪ್ರಯೋಗಕ್ಕೆ ಧನುರ್ವೇದಜ್ಞ, ನೇಪಥ್ಯಕ್ಕೆ ಚಿತ್ರಕಾರ, ಕಾಮೋಪಚಾರಕ್ಕೆ ವೇಶ್ಯೆ, ಸ್ವರತಾಳಗಳಿಗೆ ಗಾಂಧರ್ವಜ್ಞ, ರಾಜಮರ್ಯಾದೆಗೆ ರಾಜಸೇವಕ. ಪ್ರತಿಯೊಬ್ಬನೂ ತಾನು ಬಲ್ಲ ಅಂಶದಲ್ಲಿ ಮಾತ್ರ ಪ್ರಮಾಣ. ಪ್ರೇಕ್ಷಕರಿಗೆ ಯಾವುದು ಪ್ರಿಯವೆಂಬ ಪಟ್ಟಿಯೊಂದು, ಪರೀಕ್ಷಕರಿಗೆ ಯಾವುದು ತಿಳಿಯುವುದೆಂಬ ಪಟ್ಟಿ ಮತ್ತೊಂದು. ಎರಡೂ ಒಂದೇ ಅಧ್ಯಾಯದಲ್ಲಿದ್ದರೂ ಬೆರೆತುಹೋಗಿಲ್ಲ. ಕಾಳಿದಾಸನ ವಿವೇಕದ ಬೀಜವು ಇಲ್ಲಿಯೇ ಇದೆ.

ಭರತನು ಗಮನಿಸಿದ ಇನ್ನೊಂದು ಭೇದವು ದೇಶಭೇದ. ಪ್ರವೃತ್ತಿಗಳನ್ನು ವಿಭಾಗಿಸುವಾಗ ಅವನು ದಾಕ್ಷಿಣಾತ್ಯರಿಗೆ ನೃತ್ತ, ಗೀತ, ವಾದ್ಯಗಳೂ ಕೈಶಿಕೀವೃತ್ತಿಯೂ ಲಲಿತವಾದ ಅಭಿನಯವೂ ಹೆಚ್ಚು ಪ್ರಿಯವೆನ್ನುತ್ತಾನೆ. ಅಲ್ಲಿ ದ್ರಮಿಡ, ಆಂಧ್ರ, ಮಹಾರಾಷ್ಟ್ರರೊಡನೆ ವಾನವಾಸಜರ ಹೆಸರೂ ಬರುತ್ತದೆ. ಇವರು ನಮ್ಮ ಬನವಾಸಿಯ ಸೀಮೆಯವರೆಂದು ಗ್ರಹಿಸಿದರೆ, ಕನ್ನಡನಾಡಿನ ಜನರ ರುಚಿಯನ್ನು ಕುರಿತ ಅತಿಪ್ರಾಚೀನವಾದ ಉಲ್ಲೇಖಗಳಲ್ಲಿ ಇದೂ ಒಂದಾಗುತ್ತದೆ.

೩

ದೇಶದಿಂದ ರುಚಿಯು ಬೇರೆಯಾಗುವುದೆಂಬ ಅಭಿಪ್ರಾಯವು ಶ್ರವ್ಯಕಾವ್ಯದ ವಿಚಾರದಲ್ಲಿ ಮಾರ್ಗಭೇದವೆಂಬ ರೂಪವನ್ನು ತಾಳಿತು. ದಂಡಿಯು ಕಾವ್ಯಾದರ್ಶದಲ್ಲಿ ವೈದರ್ಭ ಗೌಡಗಳೆಂಬ ಎರಡು ಮಾರ್ಗಗಳನ್ನು ನಿರೂಪಿಸುವಾಗ ಮತ್ತೆಮತ್ತೆ ಬಳಸುವುದು ಇಷ್ಟಾನಿಷ್ಟಗಳ ಭಾಷೆಯನ್ನೇ. ಗೌಡರಿಗೆ ಅನುಪ್ರಾಸದ ಮೇಲಣ ಮೋಹದಿಂದ ಬಂಧಶೈಥಿಲ್ಯವೂ ಸಹ್ಯವಾಗುವುದು; ವ್ಯುತ್ಪತ್ತಿಯುಳ್ಳದ್ದೆಂಬ ಕಾರಣದಿಂದ ರೂಢಿಯಿಲ್ಲದ ಶಬ್ದವೂ ಅವರಿಗೆ ಇಷ್ಟವಾಗುವುದು; ವೈದರ್ಭರು ಲೋಕಮರ್ಯಾದೆಯನ್ನು ಮೀರದ ವರ್ಣನೆಯನ್ನು ಬಯಸಿದರೆ ಗೌಡರು ಅತ್ಯುಕ್ತಿಯನ್ನು ಮುದ್ದಿಸುವರು. ದಂಡಿಯ ಒಲವು ವೈದರ್ಭದ ಕಡೆಗೆಂಬುದು ಸ್ಪಷ್ಟ. ಆದರೆ ಪ್ರಕರಣದ ಕೊನೆಯಲ್ಲಿ ಅವನು ತನ್ನ ವಿಭಾಗದ ಮಿತಿಯನ್ನೂ ಹೇಳಿರುವನು. ಒಬ್ಬೊಬ್ಬ ಕವಿಯಲ್ಲಿಯೂ ಇರುವ ಅವಾಂತರಭೇದಗಳನ್ನು ಹೇಳಿ ಮುಗಿಸಲಾಗದು. ಕಬ್ಬು, ಹಾಲು, ಬೆಲ್ಲ ಇವುಗಳ ಸಿಹಿಯಲ್ಲಿ ಅಂತರವು ದೊಡ್ಡದಾಗಿದ್ದರೂ ಅದನ್ನು ಮಾತಿನಲ್ಲಿಡಲು ಸರಸ್ವತಿಗೂ ಸಾಧ್ಯವಿಲ್ಲವೆಂಬುದು ಅವನ ದೃಷ್ಟಾಂತ. ಅನುಭವದ ಭೇದವು ಹೆಸರಿನ ಭೇದಕ್ಕಿಂತ ಸೂಕ್ಷ್ಮವೆಂಬುದನ್ನು ಇದಕ್ಕಿಂತ ಸುಲಭವಾಗಿ ಹೇಳುವುದು ಕಷ್ಟ.

ಭಾಮಹನಾದರೋ ಈ ವಿಭಾಗವನ್ನೇ ಒಪ್ಪಲಿಲ್ಲ. ಇದು ವೈದರ್ಭ, ಇದು ಗೌಡೀಯ ಎಂದು ಬೇರ್ಪಡಿಸುವುದು ವಿಚಾರವಿಲ್ಲದವರು ಒಬ್ಬರ ಹಿಂದೊಬ್ಬರು ನಡೆಯುವ ಗತಾನುಗತಿಕನ್ಯಾಯವೆಂದು ಅವನು ಕಟುವಾಗಿ ನುಡಿದಿರುವನು. ವಾಮನನು ರೀತಿಗಳನ್ನು ಅಂಗೀಕರಿಸಿದರೂ, ಆ ದೇಶಗಳಲ್ಲಿ ಕಂಡುಬಂದುದರಿಂದ ಆ ಹೆಸರುಗಳು ಬಂದುವೇ ಹೊರತು ದೇಶವು ಕಾವ್ಯಕ್ಕೆ ಉಪಕಾರವನ್ನೇನೂ ಮಾಡುವುದಿಲ್ಲವೆಂದು ಎಚ್ಚರಿಸಿದನು.

ಇದೇ ಕಾಲಕ್ಕೆ ಸಮೀಪದಲ್ಲಿ, ಅಂದರೆ ಕ್ರಿ.ಶ. ಒಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ದಂಡಿಯ ಈ ಪ್ರಕರಣವನ್ನು ಕನ್ನಡಕ್ಕೆ ತಂದಿತು. ಆದರೆ ಅದು ವಿದರ್ಭ, ಗೌಡ ಎಂಬ ದೂರದೇಶಗಳ ಹೆಸರನ್ನು ಬಿಟ್ಟು ದಕ್ಷಿಣ ಉತ್ತರ ಮಾರ್ಗಗಳೆಂಬ ಹೆಸರುಗಳನ್ನೇ ಹಿಡಿಯಿತು. ಕಾವ್ಯಪ್ರಯೋಗದಲ್ಲಿ ಕನ್ನಡಿಗರಿಗಿರುವ ಪರಿಣತಿಯನ್ನು ಓದಿನ ಬಲದಿಂದ ಬಂದುದೆಂದು ಹೇಳದೆ, ಓದದವರಲ್ಲಿಯೂ ಇರುವ ಸ್ವಭಾವವೆಂದು ಅದು ಹೊಗಳಿರುವುದು ಪ್ರಸಿದ್ಧವಾಗಿಯೇ ಇದೆ. ರುಚಿಯ ಶಕ್ತಿಯು ಪಾಂಡಿತ್ಯಕ್ಕಿಂತ ಮೊದಲಿನದೆಂಬ ಭಾವವು ಇದರಲ್ಲಿ ತೋರುವುದು.

ದೇಶಭೇದದ ಪಕ್ಷವನ್ನು ಕೊನೆಗಾಣಿಸಿದವನು ವಕ್ರೋಕ್ತಿಜೀವಿತವನ್ನು ಬರೆದ ಕುಂತಕ. ದೇಶದಿಂದ ಮಾರ್ಗವಾಗುವುದಾದರೆ ದೇಶಗಳೆಷ್ಟೋ ಮಾರ್ಗಗಳೂ ಅಷ್ಟಾಗಬೇಕು. ಸೋದರಮಾವನ ಮಗಳನ್ನು ಮದುವೆಯಾಗುವುದು ಕೆಲವು ದೇಶಗಳ ಆಚಾರವಾಗಿರಬಹುದು. ವೃದ್ಧರ ರೂಢಿಯೇ ಅದಕ್ಕೆ ಸಾಕು. ಕಾವ್ಯರಚನೆಯು ಅಂತಹ ದೇಶಾಚಾರವಲ್ಲ. ಅದಕ್ಕೆ ಶಕ್ತಿ, ವ್ಯುತ್ಪತ್ತಿ, ಅಭ್ಯಾಸಗಳು ಬೇಕು. ಆದುದರಿಂದ ಭೇದಕ್ಕೆ ಮೂಲವು ಕವಿಯ ಸ್ವಭಾವವೆಂದು ಅವನ ಸಿದ್ಧಾಂತ. ಸುಕುಮಾರಸ್ವಭಾವದ ಕವಿಗೆ ಅದಕ್ಕೆ ತಕ್ಕ ಶಕ್ತಿಯೂ, ಶಕ್ತಿಗೆ ತಕ್ಕ ವ್ಯುತ್ಪತ್ತಿಯೂ, ಅವೆರಡಕ್ಕೂ ತಕ್ಕ ಅಭ್ಯಾಸವೂ ಕೂಡಿಬರುವುವು. ಸ್ವಭಾವಗಳು ಅನಂತವಾಗಿದ್ದರೂ ಎಣಿಕೆಯ ಸೌಕರ್ಯಕ್ಕಾಗಿ ಸುಕುಮಾರ, ವಿಚಿತ್ರ, ಮಧ್ಯಮವೆಂದು ಮೂರಾಗಿ ಹೇಳಿ, ಮೊದಲನೆಯದಕ್ಕೆ ಕಾಳಿದಾಸ ಸರ್ವಸೇನರನ್ನೂ, ಎರಡನೆಯದಕ್ಕೆ ಬಾಣ, ಭವಭೂತಿ, ರಾಜಶೇಖರರನ್ನೂ ಉದಾಹರಿಸುತ್ತಾನೆ. ಇವುಗಳಲ್ಲಿ ಉತ್ತಮಾಧಮತ್ವವನ್ನು ಎಣಿಸಕೂಡದೆಂಬುದು ಅವನ ಮತದ ಜೀವಾಳ. ಪ್ರತಿಯೊಂದು ಮಾರ್ಗವೂ ತನ್ನ ಮಹಿಮೆಯಿಂದಲೇ ಬಲ್ಲವರನ್ನು ಆನಂದಪಡಿಸುವುದರಲ್ಲಿ ಪೂರ್ಣವಾಗುವುದರಿಂದ ಯಾವುದಕ್ಕೂ ಕೊರತೆಯಿಲ್ಲ. ದಂಡಿಯಲ್ಲಿ ಒಲವಿನ ಭೇದವು ಮೇಲುಕೀಳಿನ ಭೇದವಾಗಿತ್ತು. ಕುಂತಕನಲ್ಲಿ ಅದು ಸಮಾನರ ಭೇದವಾಯಿತು. ಕೆಟ್ಟ ಕಾವ್ಯವೆಂಬುದು ಇಲ್ಲವೆಂದು ಇದರ ತಾತ್ಪರ್ಯವಲ್ಲ. ಸುಕುಮಾರವಾಗಲೆಳಸಿ ನೀರಸವಾದುದೂ, ವಿಚಿತ್ರವಾಗಲೆಳಸಿ ಕ್ಲಿಷ್ಟವಾದುದೂ ಕೆಟ್ಟುದೇ. ಒಂದು ಮಾರ್ಗವನ್ನು ಮತ್ತೊಂದು ಮಾರ್ಗದ ಅಳತೆಗೋಲಿನಿಂದ ಅಳೆಯಬಾರದೆಂಬುದಷ್ಟೇ ತಾತ್ಪರ್ಯ.

೪

ಕವಿಯ ಸ್ವಭಾವವನ್ನು ಕುಂತಕನು ವಿಚಾರಿಸುವುದಕ್ಕೆ ಕೆಲವು ದಶಕಗಳ ಮೊದಲೇ ಓದುಗನ ಸ್ವಭಾವವನ್ನು ವಿಚಾರಿಸಿದವನು ರಾಜಶೇಖರ. ಅವನ ಕಾವ್ಯಮೀಮಾಂಸೆಯು ೧೯೧೬ರಲ್ಲಿ ಬಡೋದೆಯ ಗಾಯಕವಾಡ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟವಾಗುವವರೆಗೆ ಈ ಪ್ರಕರಣವು ಬಹುಮಂದಿಗೆ ಅಪರಿಚಿತವಾಗಿಯೇ ಇದ್ದಿತು. ಪ್ರತಿಭೆಯು ಕಾರಯಿತ್ರಿ, ಭಾವಯಿತ್ರಿ ಎಂದು ಎರಡು ಬಗೆ; ಮೊದಲನೆಯದು ಕವಿಗೆ, ಎರಡನೆಯದು ಭಾವಕನಿಗೆ ಉಪಕಾರಿ. ಓದುವುದಕ್ಕೂ ಪ್ರತಿಭೆ ಬೇಕೆಂದು ಒಪ್ಪಿದಮೇಲೆ ಓದುಗರ ಭೇದಗಳನ್ನು ವಿಚಾರಿಸಲು ದಾರಿಯು ತೆರೆಯಿತು.

ವಾಮನನು ಕವಿಗಳಿಗೆ ಹೇಳಿದ್ದ ಅರೋಚಕಿ, ಸತೃಣಾಭ್ಯವಹಾರಿ ಎಂಬ ಭೇದವನ್ನು ರಾಜಶೇಖರನು ಭಾವಕರಿಗೆ ಅನ್ವಯಿಸಿ, ಮತ್ಸರಿ, ತತ್ತ್ವಾಭಿನಿವೇಶಿ ಎಂಬ ಇನ್ನೆರಡನ್ನು ಕೂಡಿಸಿದನು. ಅರೋಚಕವೆಂಬುದು ವೈದ್ಯಶಾಸ್ತ್ರದ ಶಬ್ದ. ಬಾಯಿಗೆ ಏನೂ ರುಚಿಸದ ವ್ಯಾಧಿಯ ಹೆಸರು. ಸತೃಣಾಭ್ಯವಹಾರಿಯು ಹುಲ್ಲುಕಡ್ಡಿಗಳನ್ನೂ ಅನ್ನದೊಡನೆ ನುಂಗುವವನು. ಕುತೂಹಲವುಳ್ಳ ಹೊಸಬರೆಲ್ಲರೂ ಮೊದಮೊದಲು ಈ ಸ್ಥಿತಿಯಲ್ಲಿಯೇ ಇರುವರು. ಮತ್ಸರಿಗೆ ಗುಣವು ಕಂಡರೂ ಕಾಣದಂತೆ. ಪರರ ಗುಣವನ್ನು ಹೇಳಲು ಅವನ ನಾಲಗೆ ಏಳುವುದಿಲ್ಲ. ತತ್ತ್ವಾಭಿನಿವೇಶಿಯಾದರೋ ಸಾವಿರಕ್ಕೊಬ್ಬನು.

ಈ ನಾಲ್ವರಲ್ಲಿ ಉಪಾಧ್ಯಾಯರು ಹೆಚ್ಚಾಗಿ ವಿಚಾರಿಸಬೇಕಾದವನು ಅರೋಚಕಿ. ಅವನ ಅರುಚಿಯು ಹುಟ್ಟಿನಿಂದ ಬಂದುದೋ, ಜ್ಞಾನದಿಂದ ಬಂದುದೋ ಎಂದು ರಾಜಶೇಖರನು ಪ್ರಶ್ನಿಸುತ್ತಾನೆ. ಹುಟ್ಟಿನಿಂದ ಬಂದುದಾದರೆ ನೂರು ಸಂಸ್ಕಾರಗಳಿಂದಲೂ ಹೋಗದು, ತವರದ ಕರಿಯಂತೆ. ಜ್ಞಾನದಿಂದ ಬಂದುದಾದರೆ ವಿಶಿಷ್ಟವಾದ ಕಾವ್ಯವು ಎದುರಾದೊಡನೆ ರುಚಿಯು ತಾನಾಗಿ ಏಳುವುದು. ಹೊರಗಿನಿಂದ ನೋಡುವವರಿಗೆ ಇಬ್ಬರ ಮುಖದಲ್ಲಿಯೂ ಒಂದೇ ಉದಾಸೀನತೆ. ಒಳಗಿನ ಕಾರಣವು ಮಾತ್ರ ವಿರುದ್ಧ. ಒಬ್ಬನಲ್ಲಿ ಶಕ್ತಿಯಿಲ್ಲ, ಇನ್ನೊಬ್ಬನಲ್ಲಿ ಶಕ್ತಿಯು ಹೆಚ್ಚಾಗಿರುವುದರಿಂದಲೇ ಸಾಮಾನ್ಯವಾದುದು ರುಚಿಸುವುದಿಲ್ಲ. 'ರುಚಿಸಲಿಲ್ಲ' ಎಂಬ ಒಂದೇ ಮಾತಿಗೆ ಎರಡು ನಿದಾನಗಳುಂಟೆಂದು ಅಲಂಕಾರಶಾಸ್ತ್ರದಲ್ಲಿ ಇಷ್ಟು ವಿಶದವಾಗಿ ತೋರಿಸಿಕೊಟ್ಟುದು ಈ ಗ್ರಂಥದ ಹೆಚ್ಚಳ. ಕುಂತಕನೂ ಮಧ್ಯಮಮಾರ್ಗವನ್ನು ಆದರಿಸುವವರಲ್ಲಿ ಕೆಲವರು ಅರೋಚಕಿಗಳೆಂದು ಹೇಳಿರುವುದರಿಂದ, ಆ ಶಬ್ದವು ಅವನ ಕಾಲಕ್ಕೆ ನಿಂದೆಯನ್ನು ಕಳೆದುಕೊಂಡು ಪರಿಷ್ಕಾರದ ಸೂಚಕವಾಗಿದ್ದಿತೆಂದು ತೋರುವುದು.

ಕಾವ್ಯಮೀಮಾಂಸೆಯ ಒಂಬತ್ತನೆಯ ಅಧ್ಯಾಯದಲ್ಲಿ ಪಾಲ್ಯಕೀರ್ತಿಯ ಮತವೊಂದು ಉದ್ಧೃತವಾಗಿದೆ. ವಸ್ತುವಿನ ರೂಪವು ಹೇಗಾದರೂ ಇರಲಿ, ಅದರ ರಸವತ್ತೆಯು ಹೇಳುವವನ ಪ್ರಕೃತಿಯನ್ನು ಅವಲಂಬಿಸಿದೆ. ಅನುರಕ್ತನು ಹೊಗಳಿದುದನ್ನೇ ವಿರಕ್ತನು ಹಳಿಯುವನು, ಮಧ್ಯಸ್ಥನು ಸುಮ್ಮನಿರುವನು ಎಂಬುದು ಆ ಮತ. ಈ ಪಾಲ್ಯಕೀರ್ತಿಯು ನೃಪತುಂಗ ಅಮೋಘವರ್ಷನ ಹೆಸರನ್ನು ಹೊತ್ತ ಅಮೋಘವೃತ್ತಿಯನ್ನು ಬರೆದ ಜೈನ ವೈಯಾಕರಣ ಶಾಕಟಾಯನನೇ ಎಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಹಾಗಾದರೆ ಕವಿರಾಜಮಾರ್ಗವು ಹುಟ್ಟಿದ ವಿದ್ವತ್ಪರಿಸರದಲ್ಲಿಯೇ ಈ ವಿಚಾರವೂ ಹುಟ್ಟಿತೆಂದು ಹೇಳಬಹುದು. ಇದರ ಬೆನ್ನಲ್ಲಿಯೇ ಬರುವುದು ರಾಜಶೇಖರನ ಪತ್ನಿಯಾದ ಅವಂತಿಸುಂದರಿಯ ಮತ. ವಸ್ತುವಿಗೆ ನಿಯತವಾದ ಸ್ವಭಾವವೇ ಇಲ್ಲ. ವಿದಗ್ಧನ ಉಕ್ತಿಯ ಭಂಗಿಯಿಂದಲೇ ಅದು ಗುಣವೋ ದೋಷವೋ ಆಗುವುದು. ಚಂದ್ರನನ್ನು ಸ್ತುತಿಸುವವನು ಅಮೃತಕಿರಣನೆನ್ನುವನು, ನಿಂದಿಸುವವನು ದೋಷಾಕರನೆನ್ನುವನು ಎಂದು ಆಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ಸ್ತ್ರೀಯರ ರುಚಿಯನ್ನು ವೇಷಭೂಷಣಗಳಿಗೆ ಕಟ್ಟಿಹಾಕಿದ ಭರತನ ಪಟ್ಟಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಸಂಸ್ಕಾರವು ಆತ್ಮನಲ್ಲಿ ನೆಲೆಸುವುದು, ಅದು ಸ್ತ್ರೀಪುರುಷ ವಿಭಾಗವನ್ನು ಅಪೇಕ್ಷಿಸುವುದಿಲ್ಲವೆಂದು ರಾಜಶೇಖರನೂ ಬಾಯಿಬಿಟ್ಟು ಹೇಳಿದ್ದಾನೆ.

ಅವನಿಗೂ ದೇಶಗಳ ಮೇಲಣ ಹಾಸ್ಯದ ಚಪಲವು ತಪ್ಪಲಿಲ್ಲ. ಕಾವ್ಯಪಾಠದ ಕ್ರಮವನ್ನು ವರ್ಣಿಸುವಾಗ, ಕರ್ಣಾಟರೆಲ್ಲರೂ ರಸ ಯಾವುದಾಗಲಿ, ರೀತಿ ಯಾವುದಾಗಲಿ, ಕೊನೆಯಲ್ಲಿ ಟಂಕಾರವನ್ನು ಮಾಡುತ್ತ ಗರ್ವದಿಂದ ಓದುವರೆಂದು ಚುಚ್ಚಿದ್ದಾನೆ. ಕಿವಿಯ ಅಭ್ಯಾಸವನ್ನು ಮನಸ್ಸಿನ ಸ್ವಭಾವವೆಂದು ಭ್ರಮಿಸುವುದು ಎಷ್ಟು ಸುಲಭವೆಂಬುದಕ್ಕೆ ಈ ಮಾತು ನಿದರ್ಶನವಾಗಿ ಉಳಿಯಲಿ.

೫

ಅವಂತಿಸುಂದರಿಯ ಪಕ್ಷವನ್ನು ಕೊನೆಯವರೆಗೆ ಎಳೆದರೆ ಕಾವ್ಯದಲ್ಲಿ ನಿರ್ಣಯವೆಂಬುದೇ ಉಳಿಯುವುದಿಲ್ಲ. ಈ ಆಪತ್ತನ್ನು ಮೊದಲೇ ಕಂಡವನು ಆನಂದವರ್ಧನ. ಸಹೃದಯತ್ವವೆಂದರೇನು? ರಸಭಾವಗಳನ್ನು ಬಿಟ್ಟು, ಕಾವ್ಯದಲ್ಲಿ ಇದು ಚೆನ್ನು, ಇದು ಚೆನ್ನಲ್ಲವೆಂದು ಕೆಲವರು ಮಾಡಿಕೊಂಡ ಸಂಕೇತವನ್ನು ತಿಳಿದಿರುವುದೋ? ಹಾಗಾದರೆ ಒಂದು ಗೋಷ್ಠಿಯ ಸಂಕೇತವನ್ನು ಇನ್ನೊಂದು ಗೋಷ್ಠಿಯು ಮುರಿಯಬಹುದು, ನಿಯಮವೇ ಇಲ್ಲದಂತಾಗುವುದು. ಅಥವಾ ರಸವನ್ನು ಅರಿಯುವ ನೈಪುಣ್ಯವೋ? ಇದೇ ಸಿದ್ಧಾಂತ. ರತ್ನದ ತತ್ತ್ವವನ್ನು ರತ್ನಪರೀಕ್ಷಕರೇ ಬಲ್ಲಂತೆ ಕಾವ್ಯದ ರಸವನ್ನು ಸಹೃದಯರೇ ಬಲ್ಲರೆಂದು ಅವನು ಮತ್ತೊಂದೆಡೆ ಹೇಳುತ್ತಾನೆ. ಗೋಷ್ಠಿಯ ಫ್ಯಾಷನ್ನಿಗೂ ರಸಜ್ಞತೆಗೂ ನಡುವೆ ಎಳೆದ ಈ ಗೆರೆಯು ಇಂದಿಗೂ ಅಳಿಸತಕ್ಕುದಲ್ಲ.

ರುಚಿಭೇದವು ಬರಿಯ ಸೂಕ್ಷ್ಮವಾದವಾಗಿರದೆ ಒಂದು ರಸದ ಅಸ್ತಿತ್ವವನ್ನೇ ಪಣಕ್ಕಿಟ್ಟ ಸಂದರ್ಭವೂ ಉಂಟು. ಅದು ಶಾಂತರಸದ ವಿವಾದ. ಶಾಂತವು ಎಲ್ಲರಿಗೂ ರುಚಿಸುವುದಿಲ್ಲ; ಎಲ್ಲರ ಹೃದಯದಲ್ಲಿಯೂ ಪ್ರತಿಧ್ವನಿಸದುದು ರಸವಾಗಲಾರದು ಎಂಬುದು ವಿರೋಧಿಗಳ ಆಕ್ಷೇಪ. ಎಲ್ಲ ಜನರ ಅನುಭವಕ್ಕೆ ನಿಲುಕದಿದ್ದ ಮಾತ್ರಕ್ಕೆ ಮಹಾತ್ಮರ ವಿಶಿಷ್ಟವಾದ ಚಿತ್ತವೃತ್ತಿಯನ್ನು ಅಲ್ಲಗಳೆಯಲಾಗದೆಂದು ಆನಂದವರ್ಧನನು ಉತ್ತರಕೊಟ್ಟನು. ಲೋಚನದಲ್ಲಿ ಅಭಿನವಗುಪ್ತನು ಆ ಆಕ್ಷೇಪವನ್ನು ಆಕ್ಷೇಪಕರ ಮೇಲೆಯೇ ತಿರುಗಿಸುತ್ತಾನೆ: ವೀತರಾಗರಿಗೆ ಶೃಂಗಾರವು ಶ್ಲಾಘ್ಯವಲ್ಲ, ಹಾಗಾದರೆ ಅದೂ ರಸತ್ವದಿಂದ ಜಾರಿಬೀಳಲಿ! ಬಹುಮತದಿಂದ ರಸವು ಸಿದ್ಧವಾಗುವುದೂ ಇಲ್ಲ, ಅಲ್ಪಮತದಿಂದ ಅಸಿದ್ಧವಾಗುವುದೂ ಇಲ್ಲವೆಂಬುದು ಇಲ್ಲಿಂದ ನಿಷ್ಪನ್ನವಾಯಿತು.

ಹಾಗಿದ್ದರೆ ಒಬ್ಬರಿಗೆ ಎಟುಕುವುದು ಮತ್ತೊಬ್ಬರಿಗೆ ಏಕೆ ಎಟುಕದು? ಅಭಿನವಭಾರತಿಯ ರಸಪ್ರಕರಣದಲ್ಲಿ ಇದಕ್ಕೆ ಸಮಾಧಾನವಿದೆ. ಹುಟ್ಟಿದ ಪ್ರಾಣಿಯು ಚಿತ್ತವೃತ್ತಿಗಳ ವಾಸನೆಯಿಲ್ಲದೆ ಇರುವುದೇ ಇಲ್ಲ. ರತಿ, ಹಾಸ, ಶೋಕ, ಕ್ರೋಧಾದಿಗಳೆಲ್ಲವೂ ಎಲ್ಲರಲ್ಲಿಯೂ ಸಂಸ್ಕಾರರೂಪವಾಗಿ ಇದ್ದೇ ಇರುವುವು. ಆದರೆ ಒಬ್ಬನಲ್ಲಿ ಒಂದು ಚಿತ್ತವೃತ್ತಿಯು ಅಧಿಕ, ಮತ್ತೊಂದು ಊನ. ಒಬ್ಬನಲ್ಲಿ ಅದು ಉಚಿತವಾದ ವಿಷಯದಲ್ಲಿ ನಿಯತವಾಗಿರುವುದು, ಮತ್ತೊಬ್ಬನಲ್ಲಿ ಹಾಗಿರುವುದಿಲ್ಲ. ವ್ಯಕ್ತಿಭೇದದ ಸಿದ್ಧಾಂತವೆಲ್ಲ ಈ ಒಂದು ವಾಕ್ಯದ ಅರ್ಥದಲ್ಲಿ ಸಂಗ್ರಹವಾಗಿದೆ. ಸಾಮಗ್ರಿಯು ಎಲ್ಲರಿಗೂ ಸಮಾನ, ಪ್ರಮಾಣವು ಬೇರೆ. ಸಾಮಗ್ರಿಯು ಸಮಾನವಾಗಿರುವುದರಿಂದ ಹೃದಯಸಂವಾದವು ಸಾಧ್ಯ; ಪ್ರಮಾಣವು ಬೇರೆಯಾಗಿರುವುದರಿಂದ ಒಲವಿನ ಭೇದವು ಅನಿವಾರ್ಯ.

ಶಕ್ತಿಯ ಕುಂದಿಗೆ ಕಾರಣವು ಇದಲ್ಲ. ಅದಕ್ಕೆ ಅವನು ಏಳು ವಿಘ್ನಗಳನ್ನು ಹೇಳಿರುವನು. ವರ್ಣಿತವಾದುದು ಸಂಭವಿಸಬಹುದೆಂದು ನಂಬಲಾರದಿರುವುದು, ತನ್ನದು ಪರರದು ಎಂಬ ದೇಶಕಾಲಗಳ ಕಟ್ಟಿಗೆ ಸಿಕ್ಕಿಕೊಂಡಿರುವುದು, ತನ್ನ ಸ್ವಂತದ ಸುಖದುಃಖಗಳಿಗೆ ವಶನಾಗಿರುವುದು, ಪ್ರತೀತಿಗೆ ಉಪಾಯವಿಲ್ಲದಿರುವುದು, ಪ್ರತೀತಿಯು ಸ್ಫುಟವಾಗದಿರುವುದು, ಪ್ರಧಾನವಲ್ಲದುದು ಮುಂದೆ ಬರುವುದು, ಸಂಶಯ ತೊಡಕಿಕೊಳ್ಳುವುದು ಇವೇ ಆ ಏಳು. ಇವು ಕಳೆಯಬಲ್ಲುವು. ಸ್ವಂತದ ದುಃಖದಲ್ಲಿ ಮುಳುಗಿ ಬಂದವನ ಮನಸ್ಸನ್ನು ತಿರುಗಿಸಲೆಂದೇ ಗೀತವಾದ್ಯಗಳೂ ಅಲಂಕೃತವಾದ ಮಂಟಪವೂ ರಂಗದಲ್ಲಿ ವಿಹಿತವಾಗಿವೆ. ಇವುಗಳಿಂದ ಅಹೃದಯನೂ ಹೃದಯನೈರ್ಮಲ್ಯವನ್ನು ಪಡೆದು ಸಹೃದಯನಾಗುವನೆಂದು ಅಭಿನವಗುಪ್ತನು ಸ್ಪಷ್ಟವಾಗಿ ಹೇಳುತ್ತಾನೆ. ಲೋಚನದಲ್ಲಿ ಸಹೃದಯನ ಲಕ್ಷಣವನ್ನು ಹೇಳುವಾಗಲೂ ಕಾವ್ಯಾನುಶೀಲನದ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿಯು ತಿಳಿಯಾಗುವುದನ್ನೇ ಮುಂದಿಟ್ಟಿದ್ದಾನೆ. ವಾಸನೆಯ ತಾರತಮ್ಯವನ್ನು ಅವನು ರೋಗವೆನ್ನಲಿಲ್ಲ, ಚಿಕಿತ್ಸೆಯನ್ನೂ ಹೇಳಲಿಲ್ಲ. ಚಿಕಿತ್ಸೆಯು ವಿಘ್ನಗಳಿಗೆ ಮಾತ್ರ.

ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಈ ವಾಸನೆಯನ್ನು ಇದಾನೀಂತನಿ, ಪ್ರಾಕ್ತನಿ ಎಂದು ಎರಡಾಗಿ ವಿಂಗಡಿಸಿ ಎರಡೂ ಬೇಕೆಂದು ಸಾಧಿಸಿದನು. ಈ ಜನ್ಮದಲ್ಲಿ ಗಳಿಸಿದುದು ಬೇಡವೆಂದರೆ ಶುಷ್ಕಶ್ರೋತ್ರಿಯರಿಗೂ ಮುದಿಮೀಮಾಂಸಕರಿಗೂ ರಸಾಸ್ವಾದವಾಗಬೇಕಾಗಿತ್ತು. ಹಿಂದಿನಿಂದ ಬಂದುದು ಬೇಡವೆಂದರೆ ಅನುರಾಗಿಗಳಾದವರಲ್ಲಿಯೂ ಕೆಲವರಿಗೆ ರಸೋದ್ಬೋಧವು ಆಗದಿರುವುದೇಕೆ? ವಾದಸರಣಿಯು ಅನ್ವಯವ್ಯತಿರೇಕಗಳದು. ಜನ್ಮಾಂತರವನ್ನು ಒಪ್ಪದವರೂ, ಹುಟ್ಟಿನಿಂದ ಬಂದುದೆಷ್ಟು, ಬಾಳಿನಿಂದ ಬಂದುದೆಷ್ಟು ಎಂಬ ಪ್ರಶ್ನೆಯ ರೂಪವನ್ನು ಇದರಲ್ಲಿ ಗುರುತಿಸಬಹುದು.

೬

ಇದೇ ಪ್ರಶ್ನೆಯನ್ನು ಪಾಶ್ಚಾತ್ಯರು ಬೇರೊಂದು ದಾರಿಯಿಂದ ಬಂದು ಸೇರಿರುವರು. ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮನು ೧೭೫೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ರುಚಿಗೊಂದು ಪ್ರಮಾಣವುಂಟೆಂದು ಸಾಧಿಸುತ್ತ, ಅದಕ್ಕೆ ಒಳಪಡದ ಎರಡು ಭೇದಗಳನ್ನು ಬಿಟ್ಟುಕೊಟ್ಟನು: ವ್ಯಕ್ತಿಯ ಪ್ರಕೃತಿಯೊಂದು, ದೇಶಕಾಲಗಳ ಆಚಾರವೊಂದು. ಇಪ್ಪತ್ತರಲ್ಲಿ ಓವಿಡನೂ, ನಲವತ್ತರಲ್ಲಿ ಹೊರೇಸನೂ, ಐವತ್ತರಲ್ಲಿ ಟ್ಯಾಸಿಟಸನೂ ಪ್ರಿಯರಾಗಬಹುದೆಂಬ ಅವನ 'ವಯೋವಿಭಾಗ'ವು ಭರತನ ತರುಣವೃದ್ಧ ವಿಭಾಗವನ್ನು ನೆನಪಿಗೆ ತರುವುದು.

ಎಣಿಸಿ ನೋಡುವ ಕ್ರಮವನ್ನು ತಂದವನು ಜರ್ಮನಿಯ ಫೆಕ್ನರ್. ಅವನ ಗ್ರಂಥವು ೧೮೭೬ರಲ್ಲಿ ಹೊರಟಿತು. ಬೇರೆಬೇರೆ ಪ್ರಮಾಣದ ಹತ್ತು ಆಯತಗಳನ್ನು ಜನರ ಮುಂದಿಟ್ಟು ಯಾವುದು ಚೆನ್ನೆಂದು ಕೇಳಿದಾಗ, ಸುವರ್ಣಾನುಪಾತವೆಂದು ಹೆಸರಾದ ಆಯತಕ್ಕೆ ಸುಮಾರು ಮೂರನೆಯ ಒಂದು ಪಾಲು ಒಪ್ಪಿಗೆ ಬಂದಿತು. ಆದರೆ ಉಳಿದವರ ಗತಿಯೇನು? ಇಂಗ್ಲೆಂಡಿನ ಮೆಕ್‌ಮೇನಸ್ ೧೯೮೦ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಒಬ್ಬೊಬ್ಬನ ಒಲವೂ ತನ್ನಷ್ಟಕ್ಕೆ ಸ್ಥಿರವಾಗಿದ್ದು, ಒಬ್ಬನದು ಮತ್ತೊಬ್ಬನಂತಿರದೆಂದು ಕಂಡುಬಂದಿತು. ಸರಾಸರಿಯೆಂಬುದು ಯಾರೊಬ್ಬರ ರುಚಿಯೂ ಅಲ್ಲ. ರುಚಿಭೇದವು ಚಂಚಲತೆಯಲ್ಲ, ಸ್ವಭಾವವೆಂದು ಕುಂತಕನು ತರ್ಕದಿಂದ ಹೇಳಿದುದು ಇಲ್ಲಿ ಅಂಕಿಗಳಿಂದ ಸಿದ್ಧವಾಯಿತು.

ಎಡ್ವರ್ಡ್ ಬುಲೊ ಎಂಬ ಕೇಂಬ್ರಿಜ್ಜಿನ ವಿದ್ವಾಂಸನು ೧೯೦೮ರಲ್ಲಿ ಬಿಡಿಬಣ್ಣಗಳನ್ನು ತೋರಿಸಿ ನೋಡುಗರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು: ಬಣ್ಣದ ಗುಣವನ್ನೇ ಪರೀಕ್ಷಿಸುವವರು, ತಮ್ಮ ದೇಹಕ್ಕಾದ ಪರಿಣಾಮವನ್ನು ಹೇಳುವವರು, ಹಳೆಯ ನೆನಪುಗಳನ್ನು ಎತ್ತುವವರು, ಬಣ್ಣಕ್ಕೇ ಒಂದು ಶೀಲವನ್ನು ಕಾಣುವವರು. ರಾಜಶೇಖರನ ಭಾವಕಚತುಷ್ಟಯದ ಪಕ್ಕದಲ್ಲಿ ಇದನ್ನಿಡಬಹುದು. ಐ. ಎ. ರಿಚರ್ಡ್ಸರು ೧೯೨೯ರ ಗ್ರಂಥದಲ್ಲಿ ಹದಿಮೂರು ಪದ್ಯಗಳನ್ನು ಕವಿಯ ಹೆಸರಿಲ್ಲದೆ ವಿದ್ಯಾರ್ಥಿಗಳಿಗೆ ಕೊಟ್ಟು ಬರೆಯಿಸಿದ ಅಭಿಪ್ರಾಯಗಳನ್ನು ಪರಿಶೀಲಿಸಿ, ಓದಿಗೆ ಅಡ್ಡವಾಗುವ ಹತ್ತು ಕಾರಣಗಳನ್ನು ಎಣಿಸಿರುವರು. ವಾಚ್ಯಾರ್ಥವೇ ತಿಳಿಯದಿರುವುದು, ಸಂಬಂಧವಿಲ್ಲದ ಸ್ವಂತದ ನೆನಪು ನುಗ್ಗುವುದು, ಸಿದ್ಧವಾಗಿಟ್ಟುಕೊಂಡ ಭಾವವು ಮೇಲೆ ಬರುವುದು, ಮತದ ಅಭಿನಿವೇಶ ಮುಂತಾದ ಇವುಗಳಲ್ಲಿ ಹಲವು ಅಭಿನವಗುಪ್ತನ ವಿಘ್ನಗಳ ಬಂಧುಗಳೇ.

ಶಕ್ತಿ, ಒಲವುಗಳ ವಿವೇಕವು ಲೆಕ್ಕದಲ್ಲಿಯೂ ಮೈದೋರಿದುದು ೧೯೪೦ರ ಸುಮಾರಿಗೆ. ಐಸೆಂಕ್ ಎಂಬ ಮನಶ್ಶಾಸ್ತ್ರಜ್ಞನು ಜನರು ಚಿತ್ರಗಳನ್ನು ಕ್ರಮಪಡಿಸಿದ ರೀತಿಯನ್ನು ಗಣಿತದಿಂದ ವಿಭಜಿಸಿ, ಎಲ್ಲ ಬಗೆಯ ಚಿತ್ರಗಳಲ್ಲಿಯೂ ತೋರುವ ಸಾಮಾನ್ಯವಾದ ವಿವೇಚನಾಶಕ್ತಿಯೊಂದು, ಇಬ್ಬಗೆಯ ಶೈಲಿಗಳಲ್ಲಿ ಯಾವುದೋ ಒಂದರ ಕಡೆಗೆ ಮನಸ್ಸು ವಾಲುವುದೊಂದು, ಎಂದು ಎರಡು ಅಂಶಗಳನ್ನು ಬೇರ್ಪಡಿಸಿದನು. ಮೊದಲನೆಯದು ನಿಜವಾಗಿ ಶಕ್ತಿಯೋ, ಒಂದೇ ಸಂಸ್ಕೃತಿಯ ಅಭ್ಯಾಸವೋ ಎಂಬ ಆಕ್ಷೇಪವು ಸಹಜವಾಗಿಯೇ ಏಳುವುದು. ಆನಂದವರ್ಧನನ ಸಂಕೇತಪಕ್ಷದ ಪ್ರಶ್ನೆಯೇ ಅದು. ಇತ್ತೀಚೆಗೆ, ೨೦೧೦ರಿಂದ ಈಚೆಗೆ, ವೆಸೆಲ್ ಮೊದಲಾದವರು ಮುಖ, ಪ್ರಕೃತಿದೃಶ್ಯಗಳಲ್ಲಿ ಜನರ ಒಲವು ಹೆಚ್ಚಾಗಿ ಕೂಡಿಬರುವುದೆಂದೂ, ಮನುಷ್ಯರು ರಚಿಸಿದ ಕಲಾಕೃತಿಗಳಲ್ಲಿ ಹೆಚ್ಚಾಗಿ ಒಡೆಯುವುದೆಂದೂ ತೋರಿಸಿರುವರು. ಅವಳಿಮಕ್ಕಳನ್ನು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮುಖಸೌಂದರ್ಯದ ಒಲವಿನಲ್ಲಿ ವ್ಯಕ್ತಿವ್ಯಕ್ತಿಗೆ ಇರುವ ಭೇದವು ವಂಶದಿಂದ ಬಂದುದಕ್ಕಿಂತ ಅವರವರ ಸ್ವಂತ ಅನುಭವದಿಂದ ಬಂದುದೇ ಹೆಚ್ಚೆಂದು ಹೇಳುತ್ತದೆ. ವಿಶ್ವನಾಥನ ಮಾತಿನಲ್ಲಿ ಹೇಳುವುದಾದರೆ ಇದಾನೀಂತನ ವಾಸನೆಯ ತೂಕವು ಅಲ್ಲಿ ಹೆಚ್ಚು.

ಇಷ್ಟರಿಂದ ಎಲ್ಲವನ್ನೂ ನಮ್ಮವರು ಮೊದಲೇ ಹೇಳಿಬಿಟ್ಟಿದ್ದರೆಂದು ಹಿಗ್ಗುವುದು ಯುಕ್ತವಲ್ಲ. ಆಲಂಕಾರಿಕರು ಎಣಿಸಲಿಲ್ಲ, ಅಳೆಯಲಿಲ್ಲ. ತಮ್ಮ ಗೋಷ್ಠಿಯ ಹೊರಗಿನವರನ್ನು ಕೇಳಿನೋಡಲೂ ಇಲ್ಲ. ಹೊಸಬರಾದರೋ ಅಳೆಯುವ ಸೌಕರ್ಯಕ್ಕಾಗಿ ಆಯತಗಳನ್ನೂ ಬಿಡಿಬಣ್ಣಗಳನ್ನೂ ಆರಿಸಿಕೊಂಡರು. ರಘುವಂಶದಂತಹ ಮಹಾಕೃತಿಯೊಂದರ ಮುಂದೆ ವರ್ಷಗಟ್ಟಲೆ ಕುಳಿತ ಮನಸ್ಸಿನಲ್ಲಿ ಏನಾಗುವುದೆಂಬುದು ಆ ತಕ್ಕಡಿಗೆ ಬೀಳದು. ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬಬೇಕಾಗಿದೆ.

೭

ಈ ಇತಿಹಾಸದಿಂದ ಫಲಿಸುವ ಅರ್ಥವನ್ನು ಹೀಗೆ ಸಂಗ್ರಹಿಸಬಹುದು. ಭೇದದ ಮೂಲವನ್ನು ನಮ್ಮ ಶಾಸ್ತ್ರವು ಮೊದಲು ಗುಂಪಿನಲ್ಲಿ, ಬಳಿಕ ದೇಶದಲ್ಲಿ, ಬಳಿಕ ಓದುಗನಲ್ಲಿಯೂ ಕವಿಯಲ್ಲಿಯೂ, ಕೊನೆಗೆ ಮನುಷ್ಯಮಾತ್ರನ ವಾಸನೆಯಲ್ಲಿ ಹುಡುಕಿತು. ಹೀಗೆ ಒಳಗೊಳಗೆ ಹೋದಷ್ಟೂ, ಭೇದವನ್ನು ಒಪ್ಪುವ ಔದಾರ್ಯವೂ ನಿರ್ಣಯವನ್ನು ಬಿಡದ ಧೈರ್ಯವೂ ಜೊತೆಯಾಗಿ ಬೆಳೆದುವು.

ಸಾಹಿತ್ಯಾಧ್ಯಾಪಕರಿಗೆ ಇದರಿಂದ ಎರಡು ಕರ್ತವ್ಯಗಳು ಒದಗುವುವು. ಬಾಣನ ವಿಚಿತ್ರಮಾರ್ಗಕ್ಕಿಂತ ಕಾಳಿದಾಸನ ಸುಕುಮಾರಮಾರ್ಗವೇ ತನಗೆ ಪ್ರಿಯವೆನ್ನುವ ವಿದ್ಯಾರ್ಥಿಯನ್ನು ತಿದ್ದಲು ಹೋಗಬಾರದು; ತನ್ನ ಒಲವನ್ನೇ ಉತ್ತರಪತ್ರಿಕೆಯಲ್ಲಿ ಹುಡುಕಿ ಅಂಕಗಳನ್ನು ಕೊಡುವ ಪರೀಕ್ಷಕನು ಸಹೃದಯರನ್ನು ಬೆಳೆಸದೆ ಅನುವಾದಿಗಳನ್ನು ಬೆಳೆಸುವನು. ಬಾಣನ ಗದ್ಯದಲ್ಲಿ ಏನಿದೆಯೆಂಬುದನ್ನೇ ಕಾಣದೆ 'ನನ್ನ ರುಚಿಯೇ ಬೇರೆ' ಎನ್ನುವವನನ್ನಾದರೋ ಹಾಗೆಯೇ ಬಿಡಲೂಬಾರದು. ಅವನಿಗೆ ಅಡ್ಡವಾಗಿರುವ ವಿಘ್ನವು ಯಾವುದೆಂದು ಹುಡುಕಿ ಕಳೆಯಬೇಕು. ಇಂದುಮತಿಯು ಅಂಗರಾಜನನ್ನು ನೋಡದೆ ದಾಟಿದವಳಲ್ಲ. ಚೆನ್ನಾಗಿ ನೋಡಿ ದಾಟಿದಳು. ಹಾಗೆ ನೋಡಲು ಕಲಿಸುವುದು ಗುರುವಿನ ಕೆಲಸ. ನೋಡಿದಮೇಲೆ ಮಾಲೆಯನ್ನು ಯಾರ ಕೊರಳಿಗೆ ಹಾಕಬೇಕೆಂಬುದು ಶಿಷ್ಯನ ಅಧಿಕಾರ.